ಮಕ್ಕಳು ನಗರದ ವಿದ್ಯಾರ್ಥಿನಿಲಯಕ್ಕೆ ಹೊರಟಾಗ

ನಿಮ್ಮ ಮಗ ಅಥವಾ ಮಗಳು ಈ ವರ್ಷ ಬೆಂಗಳೂರಿನ ಕಾಲೇಜೊಂದಕ್ಕೆ ಸೇರಿರಬಹುದು. ಟ್ರಂಕು, ಹಾಸಿಗೆಯ ಸುರುಳಿ, ಚಟ್ನಿಪುಡಿಯ ಡಬ್ಬಿ, ಅಂಕಪಟ್ಟಿಗಳ ಕಡತ ಎಲ್ಲವೂ ಸಿದ್ಧವಾಗಿವೆ. ಬಸ್ಸು ಹೊರಡುವ ಹೊತ್ತಿಗೆ ನೀವು ಕಿಟಕಿಯ ಬಳಿ ನಿಂತು "ಜೋಪಾನ" ಎನ್ನುತ್ತೀರಿ. ಆ ಮಾತಿನಲ್ಲಿ ಅಕ್ಕರೆ ಇದೆ, ತಿಳಿವಳಿಕೆ ಇಲ್ಲ. ಯಾವುದರಿಂದ ಜೋಪಾನ, ಹೇಗೆ ಜೋಪಾನ, ಜೋಪಾನ ತಪ್ಪಿದಾಗ ಯಾರಲ್ಲಿ ಹೇಳಿಕೊಳ್ಳಬೇಕು ಎಂಬುದನ್ನು ಬಿಡಿಸಿ ಹೇಳುವ ಕೆಲಸ ಬಹುಪಾಲು ಮನೆಗಳಲ್ಲಿ ನಡೆಯುವುದೇ ಇಲ್ಲ. ಈ ಲೇಖನವನ್ನು ತಂದೆ ತಾಯಿಗಳು ಮೊದಲು ತಾವು ಓದಿಕೊಂಡು, ಅನಂತರ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಇನ್ನೊಮ್ಮೆ ಓದಬೇಕೆಂಬುದು ನಮ್ಮ ಕೋರಿಕೆ.

ಹಿಂದೆ ಹಳ್ಳಿಯಿಂದ ಓದಲು ಬಂದ ಬಡ ಹುಡುಗ ವಾರಾನ್ನದ ಮನೆಗಳಲ್ಲಿ ಉಂಡು, ಯಾವುದಾದರೂ ಮಠದ ಅಥವಾ ಸಂಘದ ಉಚಿತ ವಿದ್ಯಾರ್ಥಿನಿಲಯದಲ್ಲಿ ಮಲಗುತ್ತಿದ್ದ. ಅದು ಸುಖದ ಬಾಳೇನೂ ಅಲ್ಲ. ಆದರೂ ಅವನ ಮುಖವನ್ನು ಬಲ್ಲ ಏಳು ಮನೆಗಳಿದ್ದವು. ಸೋಮವಾರದ ಮನೆಗೆ ಅವನು ಬರಲಿಲ್ಲವೆಂದರೆ ಆ ಮನೆಯಾಕೆ ಏಕೆಂದು ವಿಚಾರಿಸುತ್ತಿದ್ದಳು. ಇಂದು ಪಿ.ಜಿ. ಎಂದು ಕರೆಯಲಾಗುವ ಖಾಸಗಿ ವಸತಿಗೃಹಗಳಲ್ಲಿ ಒಂದೇ ಕೋಣೆಯಲ್ಲಿ ಮೂವರೋ ನಾಲ್ವರೋ ಇದ್ದರೂ ಎರಡು ದಿನ ಜ್ವರದಲ್ಲಿ ಮಲಗಿದವರನ್ನು ಯಾರೂ ಗಮನಿಸದೆ ಇರುವುದುಂಟು. ವಾರಾನ್ನದ ಮನೆಯಾಕೆಯ ಆ ಒಂದು ಪ್ರಶ್ನೆಯ ಸ್ಥಾನವನ್ನು ಈಗ ನೀವೇ ತುಂಬಬೇಕಾಗಿದೆ.

ಮೊದಲು ಕೊಡಬೇಕಾದ ಮಾತು

ಹೀಗೆಂದು ಭಾವಿಸಿ. ನಿಮ್ಮ ಮಗಳನ್ನು ಕಾಲೇಜಿನ ದಾರಿಯಲ್ಲಿ ಯಾರೋ ಒಬ್ಬ ದಿನವೂ ಹಿಂಬಾಲಿಸುತ್ತಿದ್ದಾನೆ. ಮೊದಲ ದಿನವೇ ಅವಳು ನಿಮಗೆ ಹೇಳುವಳೆ? ಬಹುಶಃ ಹೇಳುವುದಿಲ್ಲ. ಹೇಳಿದರೆ ನೀವು "ಓದಿದ್ದು ಸಾಕು, ಮನೆಗೆ ಬಾ" ಎನ್ನುವಿರೆಂಬ ಭಯ ಅವಳಿಗೆ. ತಪ್ಪು ಮಾಡಿದವನು ಬೀದಿಯಲ್ಲಿ ನಿರಾತಂಕವಾಗಿ ತಿರುಗುತ್ತಿರುವಾಗ, ತಪ್ಪು ಮಾಡದವಳ ವಿದ್ಯಾಭ್ಯಾಸ ನಿಲ್ಲುತ್ತದೆ. ಇದನ್ನು ಅವಳು ಬೇರೆ ಹುಡುಗಿಯರ ಬಾಳಿನಲ್ಲಿ ಕಂಡಿದ್ದಾಳೆ. ಆದುದರಿಂದ ಅವಳು ಮೌನವಾಗಿರುತ್ತಾಳೆ. ಅವಳ ಮೌನವನ್ನು ಕಂಡು ಹಿಂಬಾಲಿಸುವವನಿಗೆ ಧೈರ್ಯ ಬರುತ್ತದೆ. ಹುಡುಗರ ವಿಷಯವೂ ಬೇರೆಯಲ್ಲ. ಹಿರಿಯ ವಿದ್ಯಾರ್ಥಿಗಳ ಕೈಯಲ್ಲಿ ಪೆಟ್ಟು ತಿಂದ ಹುಡುಗ "ಗಂಡಸಾಗಿ ಇಷ್ಟು ತಡೆಯಲಾರೆಯಾ" ಎಂಬ ತಂದೆಯ ಮಾತಿಗೆ ಹೆದರಿ ಬಾಯಿ ಬಿಡುವುದಿಲ್ಲ.

ಮುಂದೆ ಹೇಳಲಿರುವ ಅಪಾಯಗಳಲ್ಲಿ ಹೆಚ್ಚಿನವು ಮೊದಲ ದಿನವೇ ಹೇಳಿಕೊಂಡರೆ ಚಿಕ್ಕವು, ತಿಂಗಳು ಕಳೆದರೆ ದೊಡ್ಡವು. ಆದ ಕಾರಣ ಟ್ರಂಕಿಗೆ ಬೀಗ ಹಾಕುವ ಮೊದಲು ಮಕ್ಕಳಿಗೆ ಸ್ಪಷ್ಟವಾದ ಮಾತೊಂದನ್ನು ಕೊಡಿ: "ಏನೇ ಆದರೂ ನಮಗೆ ಹೇಳು. ನೀನು ಹೇಳಿದ ಕಾರಣಕ್ಕೆ ನಿನ್ನ ಓದು ನಿಲ್ಲುವುದಿಲ್ಲ. ನಿನ್ನ ತಪ್ಪೇ ಇದ್ದರೂ ಮೊದಲು ಸಹಾಯ, ಬೈಗುಳ ಆಮೇಲೆ." ಇದನ್ನು ಬಾಯಿಬಿಟ್ಟೇ ಹೇಳಬೇಕು. "ಅವಳಿಗೆ ಗೊತ್ತಿರುತ್ತದೆ" ಎಂದುಕೊಳ್ಳುವುದು ನಮ್ಮ ಮನೆಗಳ ಹಳೆಯ ತಪ್ಪು.

ಕೋಣೆಯನ್ನು ನೋಡುವ ಬಗೆ

ಮಗುವನ್ನು ಬಿಟ್ಟುಬರಲು ಹೋದವರು ಸಾಮಾನ್ಯವಾಗಿ ಬಾಡಿಗೆ ಎಷ್ಟು, ಊಟ ಹೇಗೆ ಎಂದು ಕೇಳಿ ಹಿಂದಿರುಗುತ್ತಾರೆ. ನೀವು ಮೆಟ್ಟಿಲನ್ನೂ ನೋಡಿ. ಬೆಂಕಿ ಬಿದ್ದರೆ ಇಳಿಯಲು ಎರಡನೆಯ ದಾರಿ ಇದೆಯೆ? ಮೆಟ್ಟಿಲ ಕೆಳಗೆ ಅನಿಲದ ಸಿಲಿಂಡರುಗಳನ್ನೋ ದ್ವಿಚಕ್ರ ವಾಹನಗಳನ್ನೋ ಒಟ್ಟಿರುವರೆ? ರಾತ್ರಿ ಹೊರಬಾಗಿಲಿಗೆ ಬೀಗ ಹಾಕುವುದಾದರೆ ಬೀಗದ ಕೈ ಯಾರ ಬಳಿ, ಎಷ್ಟು ನಿಮಿಷದಲ್ಲಿ ಸಿಕ್ಕೀತು? ಕೋಣೆಯ ಬಾಗಿಲಿಗೆ ಒಳಗಿನಿಂದ ಗಟ್ಟಿಯಾದ ಅಗುಳಿ ಇದೆಯೆ?

2024ರ ಜುಲೈಯಲ್ಲಿ ಬೆಂಗಳೂರಿನ ಕೋರಮಂಗಲದ ಪಿ.ಜಿ.ಯೊಂದರಲ್ಲಿ ರಾತ್ರಿಯ ವೇಳೆ ಯುವತಿಯೊಬ್ಬಳ ಕೊಲೆಯಾಯಿತು. ಮರುತಿಂಗಳು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಪಿ.ಜಿ.ಗಳಿಗೆ ಕೆಲವು ನಿಯಮಗಳನ್ನು ಹೊರಡಿಸಿತು. ಪ್ರವೇಶದ್ವಾರದಲ್ಲಿ ಸಿ.ಸಿ. ಕ್ಯಾಮರಾ, ದಿನವಿಡೀ ಕಾವಲು, ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಸ್ಥಳ, ದಿನಕ್ಕೆ 135 ಲೀಟರ್ ನೀರು ಎಂಬುವು ಅವುಗಳಲ್ಲಿ ಸೇರಿದ್ದವು. ಈ ಅಳತೆಗಳನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ, ನಿಮಗೆ ತೋರಿಸುತ್ತಿರುವ ಕೋಣೆ ವಾಸಕ್ಕೆ ಕಟ್ಟಿದ್ದೋ ಬಾಡಿಗೆಗೆ ಮಾತ್ರ ಕಟ್ಟಿದ್ದೋ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಮಾಲೀಕರಿಗೆ ಪ್ರಶ್ನೆ ಕೇಳಲು ಸಂಕೋಚ ಬೇಡ. ಮುಂಗಡ ಕೊಡುವವರು ನೀವು.

ಇನ್ನು ಸ್ನಾನದ ಮನೆಯ ವಿಚಾರ. ಅನೇಕ ಕಡೆ ಅಡಿಗೆ ಅನಿಲದಿಂದ ಉರಿಯುವ ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೇ ಅಳವಡಿಸಿರುತ್ತಾರೆ. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅನಿಲ ಉರಿದಾಗ ಪ್ರಾಣವಾಯು ಕಡಿಮೆಯಾಗಿ, ಉರಿಯುವಿಕೆ ಅರೆಬರೆಯಾಗಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹೀಮೋಗ್ಲೋಬಿನ್ನಿನೊಂದಿಗೆ ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇದ್ದುದಕ್ಕೆ ಹೀಗಾಯಿತೆಂದು ವಿದ್ಯಾರ್ಥಿಯು ಭಾವಿಸುತ್ತಾನೆ. ಅಷ್ಟರಲ್ಲಿ ಕೈಕಾಲುಗಳು ಸೋತು, ಅಗುಳಿ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಈ ಬಗೆಯ ಸಾವುಗಳು ಬೆಂಗಳೂರಿನಲ್ಲಿ ಮತ್ತೆ ಮತ್ತೆ ಸಂಭವಿಸಿವೆ.

ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಸ್ಥಳದಲ್ಲಿರುವುದೇ ಸರಿಯಾದ ಕ್ರಮ. ಅದು ಒಳಗೇ ಇದ್ದರೆ ಬಾಗಿಲು ಕಿಟಕಿ ತೆರೆದಿಟ್ಟು, ಬಕೆಟ್ಟಿಗೆ ನೀರು ತುಂಬಿಸಿ, ಗೀಸರನ್ನು ಪೂರ್ತಿ ಆರಿಸಿದ ಮೇಲೆಯೇ ಸ್ನಾನಕ್ಕೆ ಹೋಗಬೇಕು. ಚಳಿಗಾಲದಲ್ಲಿ ಕಿಟಕಿಯ ಸಂದಿಗಳಿಗೆ ಕಾಗದ ತುರುಕುವ ಅಭ್ಯಾಸ ಕೂಡದು. ಬಚ್ಚಲಿಗೆ ಹೋದವರು ಕರೆದಾಗ ಓಗೊಡದಿದ್ದರೆ ಸಂಕೋಚಪಡದೆ ಬಾಗಿಲು ಮುರಿದು, ಅವರನ್ನು ಬಯಲು ಗಾಳಿಗೆ ತಂದು, 108ಕ್ಕೆ ಕರೆ ಮಾಡಬೇಕು. ಬಕೆಟ್ಟಿನಲ್ಲಿ ಮುಳುಗಿಸುವ ವಿದ್ಯುತ್ ರಾಡಿನ ಬಗ್ಗೆ ಒಂದೇ ಮಾತು: ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ನಂತರವೇ ನೀರಿಗೆ ಬೆರಳು.

ನೀರು ಮತ್ತು ಜ್ವರ

2024ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ವಿದ್ಯಾರ್ಥಿನಿಯರ ನಿಲಯದಲ್ಲಿ 40ಕ್ಕೂ ಹೆಚ್ಚು ಮಂದಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಕಾಲರಾ ಇರಬಹುದೆಂಬ ಶಂಕೆಯೂ ಉಂಟಾಯಿತು. ನಾಳಿನ ವೈದ್ಯರ ನಿಲಯದಲ್ಲಿಯೇ ಹೀಗಾದ ಮೇಲೆ ಉಳಿದ ಕಡೆಯ ಮಾತೇನು? ಕುಡಿಯುವ ನೀರು ಎಲ್ಲಿಂದ ಬರುತ್ತದೆ, ತೊಟ್ಟಿಯನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಸಂದೇಹವಿದ್ದರೆ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು.

ಭೇದಿ ಆರಂಭವಾದಾಗ ಪ್ರಾಣಕ್ಕೆ ಕುತ್ತು ಬರುವುದು ದೇಹದ ನೀರು ಮತ್ತು ಲವಣ ಹೊರಹೋಗುವುದರಿಂದ. ಒ.ಆರ್.ಎಸ್. ಪೊಟ್ಟಣವೊಂದನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಿ ಮೊದಲ ಗಂಟೆಯಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಪೊಟ್ಟಣ ದೊರೆಯದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣು ಗುಳಿಬಿದ್ದು ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು.

ಡೆಂಗಿ ಜ್ವರ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ನಿಲಯದ ಮಾಳಿಗೆಯ ಮೇಲೆ ಬಿಸುಟ ಬಕೆಟ್ಟು, ಮುಚ್ಚಳವಿಲ್ಲದ ಡ್ರಮ್ಮುಗಳ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೈಕೈ ನೋವಿನ ಜ್ವರಕ್ಕೆ ಕೋಣೆಯ ಗೆಳೆಯರು ಕೊಟ್ಟ ಯಾವುದೋ ನೋವಿನ ಗುಳಿಗೆಯನ್ನು ನುಂಗುವುದು ಹಾಸ್ಟೆಲುಗಳ ರೂಢಿ. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದುವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ; ಪ್ಯಾರಾಸಿಟಮಾಲ್ ಮಾತ್ರ ಸಲ್ಲುತ್ತದೆ, ಅದೂ ಮಿತವಾಗಿ. ಇನ್ನೊಂದು ತಪ್ಪು ಕಲ್ಪನೆಯೆಂದರೆ ಜ್ವರ ಇಳಿದೊಡನೆ ಅಪಾಯ ಕಳೆಯಿತು ಎಂಬುದು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತೇ ಎಚ್ಚರದ ಹೊತ್ತು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಧಾವಿಸಬೇಕು.

ಮೊದಲ ವಾರಗಳು

ರ‍್ಯಾಗಿಂಗ್ ಎಂಬುದು ಪರಿಚಯ ಮಾಡಿಕೊಳ್ಳುವ ತಮಾಷೆ ಎಂದು ಇಂದಿಗೂ ಹೇಳುವವರಿದ್ದಾರೆ; ನೋಡುವವರಿಗೆ ತಮಾಷೆ, ಮಂಡಿಯೂರಿದವರಿಗಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿ ಅದು ನಿಷಿದ್ಧವಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. 2016ರಲ್ಲಿ ಆ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯೊಂದು ನಮ್ಮ ನಾಡಿನ ಮಕ್ಕಳಿಗೆ ವಿಶೇಷವಾಗಿ ತಿಳಿದಿರಬೇಕು: ಜಾತಿ, ಧರ್ಮ, ಬಣ್ಣ, ಹುಟ್ಟಿದ ಊರು, ಆಡುವ ಭಾಷೆ, ಮನೆಯ ಬಡತನ ಇವುಗಳನ್ನು ಹಿಡಿದು ಪೀಡಿಸುವುದೂ ದೂರವಿರಿಸುವುದೂ ರ‍್ಯಾಗಿಂಗೇ. ಬೀದರಿನ ಅಥವಾ ರಾಯಚೂರಿನ ಹುಡುಗ ಬಾಯಿ ತೆರೆದೊಡನೆ ಅವನ ಮಾತಿನ ಧಾಟಿಯನ್ನು ಅಣಕಿಸಿ, ಮತ್ತೆ ಮತ್ತೆ ಹೇಳಿಸಿ ನಗುವುದನ್ನು ಕಂಡವರು ಅನೇಕರಿದ್ದೀರಿ. ಅದು ಅಪರಾಧವೆಂದು ಆ ಹುಡುಗನಿಗೆ ತಿಳಿದಿರುವುದಿಲ್ಲ. ತನ್ನ ನಾಲಗೆಯೇ ಸರಿಯಿಲ್ಲವೆಂದು ಅವನು ತರಗತಿಯಲ್ಲಿ ಮೌನಿಯಾಗುತ್ತಾನೆ.

ದೂರು ಕೊಡಲು 1800-180-5522 ಎಂಬ ಉಚಿತ ದೂರವಾಣಿ ಇದೆ. ಕಾನೂನಿಗೆ ವಿರುದ್ಧವಾದ ಕೃತ್ಯ ನಡೆದಿದ್ದರೆ ಮಾಹಿತಿ ಬಂದ 24 ಗಂಟೆಗಳೊಳಗೆ ಪೊಲೀಸರಿಗೆ ದೂರು ಸಲ್ಲಿಸುವುದು ಕಾಲೇಜಿನ ಮುಖ್ಯಸ್ಥರ ಕರ್ತವ್ಯ. "ಒಳಗೇ ಬಗೆಹರಿಸೋಣ" ಎಂದು ವಾರಗಟ್ಟಲೆ ಮುಂದೂಡಿದರೆ ಒಪ್ಪಬೇಡಿ. ಅಧ್ಯಾಪಕರಿಂದಾಗಲಿ ಸಹಪಾಠಿಗಳಿಂದಾಗಲಿ ಲೈಂಗಿಕ ಕಿರುಕುಳವಾದರೆ ವಿಚಾರಣೆ ಮಾಡಲು ಪ್ರತಿಯೊಂದು ಕಾಲೇಜಿನಲ್ಲಿಯೂ ಆಂತರಿಕ ಸಮಿತಿ ಇರತಕ್ಕದ್ದು. ಲಿಖಿತ ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶ ಉಂಟು. ಸಮಿತಿಯ ಸದಸ್ಯರು ಯಾರೆಂಬುದನ್ನು ಸೇರಿದ ವಾರದಲ್ಲಿಯೇ ಫಲಕದಲ್ಲಿ ಓದಿಕೊಂಡಿರಲಿ.

ದಾರಿಯಲ್ಲಿ

ಉತ್ತರ ಕರ್ನಾಟಕದಿಂದ ಬರುವ ರಾತ್ರಿ ಬಸ್ಸುಗಳು ಎಷ್ಟೋ ಸಲ ಬೆಳಕು ಹರಿಯುವ ಮೊದಲೇ ಮೆಜೆಸ್ಟಿಕ್ ತಲಪುತ್ತವೆ. ಆ ಹೊತ್ತಿನಲ್ಲಿ ಲಗೇಜು ಹಿಡಿದು ನಿಂತ ಹೊಸಬರನ್ನು ಗುರುತಿಸುವುದು ಸುಲಭ. ಅವಸರ ಬೇಡ, ಬೆಳಕಿರುವ, ಜನರಿರುವ ನಿಲ್ದಾಣದ ಒಳಗೇ ಬೆಳಗಾಗುವವರೆಗೆ ಕುಳಿತು, ನಗರ ಸಾರಿಗೆಯ ಬಸ್ಸು ಹಿಡಿಯುವುದೇ ಮೇಲು. ಆಟೋ ಹತ್ತುವುದಾದರೆ ಅದರ ಸಂಖ್ಯೆಯನ್ನು ಚಾಲಕನಿಗೆ ಕೇಳಿಸುವಂತೆ ಮನೆಗೆ ಫೋನಿನಲ್ಲಿ ಓದಿ ಹೇಳಲಿ.

ದ್ವಿಚಕ್ರ ವಾಹನದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರ ಜನವರಿಯಿಂದ ಕಡ್ಡಾಯ. ಗೆಳೆಯನ ಬೈಕಿನಲ್ಲಿ "ಇಲ್ಲೇ ಹತ್ತಿರ" ಹೋಗುವಾಗ ತಲೆಗೆ ಆಗುವ ಪೆಟ್ಟು ದೂರ ಹೋಗುವಾಗ ಆಗುವುದಕ್ಕಿಂತ ಮೃದುವಾಗಿರುವುದಿಲ್ಲ. ಯಾವುದೇ ತುರ್ತಿಗೆ 112, ಮಹಿಳೆಯರಿಗೆ 181, ಹದಿನೆಂಟು ತುಂಬದವರಿಗೆ 1098.

ಹೇಳಲು ಕಷ್ಟವಾದ ವಿಷಯ

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಇದನ್ನು ಬಿಟ್ಟುಬಿಡುವುದು ಸುಲಭವಾಗಿತ್ತು. ಬಿಡುವುದು ಸರಿಯಲ್ಲವೆಂದು ನಾವು ತಿಳಿದಿದ್ದೇವೆ. ಮಗಳ ಮೇಲೆ ಅತ್ಯಾಚಾರ ನಡೆದರೆ ಮೊದಲು ಎಲ್ಲಿಗೆ ಹೋಗಬೇಕು? ಆಸ್ಪತ್ರೆಗೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಂದು ಆಸ್ಪತ್ರೆಯೂ ಕೂಡಲೇ, ಉಚಿತವಾಗಿ ಚಿಕಿತ್ಸೆ ನೀಡಲೇಬೇಕೆಂದು ಕಾನೂನು ವಿಧಿಸುತ್ತದೆ, ನಿರಾಕರಿಸುವುದು ಅಪರಾಧ. "ಮೊದಲು ಪೊಲೀಸ್ ಕಾಗದ ತನ್ನಿ" ಎಂದು ಯಾರೂ ಹಿಂದಕ್ಕೆ ಕಳುಹಿಸುವಂತಿಲ್ಲ. ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗಬೇಕು; ಸ್ನಾನ ಮಾಡಿಯಾಗಿದ್ದರೂ ಹೋಗಲೇಬೇಕು.

ಇಲ್ಲಿ ಗಂಟೆಗಳ ಲೆಕ್ಕವಿದೆ. ಗರ್ಭ ನಿಲ್ಲದಂತೆ ತಡೆಯುವ ತುರ್ತು ಗುಳಿಗೆಯನ್ನು 72 ಗಂಟೆಗಳೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ತೆಗೆದುಕೊಳ್ಳಬೇಕು. ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧಿಯನ್ನೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ನುಂಗಬೇಕು. ಮನೆಯವರಿಗೆ ಹೇಳಲು ಧೈರ್ಯ ಬರುವ ತನಕ ಮಗಳು ನಾಲ್ಕು ದಿನ ಕಾದರೆ ಈ ಎರಡು ಬಾಗಿಲುಗಳೂ ಬಹುಮಟ್ಟಿಗೆ ಮುಚ್ಚಿಹೋಗುತ್ತವೆ. ಮೊದಲೇ ಕೊಟ್ಟಿರಬೇಕೆಂದು ನಾವು ಹೇಳಿದ ಆ ಮಾತಿನ ಬೆಲೆ ಎಷ್ಟೆಂಬುದು ಇಂತಹ ದಿನ ತಿಳಿಯುತ್ತದೆ.

ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಘಟನೆ ನಡೆದ ಸ್ಥಳ ತಮ್ಮ ವ್ಯಾಪ್ತಿಗೆ ಸೇರದು ಎಂದು ಠಾಣೆಯವರು ತಿರಸ್ಕರಿಸುವಂತಿಲ್ಲ. ನೊಂದವಳ ಹೆಸರು ಪ್ರಕಟಿಸುವುದು ಅಪರಾಧ. ಗರ್ಭ ನಿಂತಿದ್ದರೆ ಸುರಕ್ಷಿತವಾಗಿ ತೆಗೆಸಿಕೊಳ್ಳುವ ಹಕ್ಕು ಅವಿವಾಹಿತರಿಗೂ ಸಮಾನವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಇದು ಅತ್ಯಾಚಾರದಿಂದ ನಿಂತ ಗರ್ಭಕ್ಕೆ ಮಾತ್ರವಲ್ಲ, ಪ್ರೀತಿಯಲ್ಲಿ ಎಡವಿದವರಿಗೂ ಅನ್ವಯಿಸುತ್ತದೆ. ನಾಚಿಕೆಯಿಂದ ಅನರ್ಹರ ಕೈಗೆ ಸಿಕ್ಕಿ, ಔಷಧಿ ಅಂಗಡಿಯ ಗುಟ್ಟಿನ ಗುಳಿಗೆ ನುಂಗಿ ಪ್ರಾಣಾಪಾಯಕ್ಕೆ ಈಡಾಗುವ ಅಗತ್ಯ ಇಂದು ಯಾರಿಗೂ ಇಲ್ಲ. ಪಿ.ಯು. ಓದುವ ಮಕ್ಕಳು ಸಾಮಾನ್ಯವಾಗಿ ಹದಿನೆಂಟು ತುಂಬದವರು. ಅವರಿಗೆ 2012ರ ಪೋಕ್ಸೊ ಕಾಯಿದೆಯ ರಕ್ಷಣೆ ಇದೆ. ಗಂಡುಮಕ್ಕಳೂ ಅದರಲ್ಲಿ ಸೇರುತ್ತಾರೆ.

ಕೈಯಲ್ಲಿರುವ ಫೋನು

ಅಪರಿಚಿತರ ಸ್ನೇಹ, ಕೆಲವೇ ದಿನಗಳಲ್ಲಿ ಆತ್ಮೀಯತೆ, ಒಂದು ಚಿತ್ರ, ಮರುಗಳಿಗೆ ಬೆದರಿಕೆ. ಇದು ಹುಡುಗರನ್ನೂ ಹುಡುಗಿಯರನ್ನೂ ಸಮನಾಗಿ ಕಾಡುವ ಮೋಸ. ಒಮ್ಮೆ ಹಣ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಬೆಳೆಯುತ್ತದೆ. ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿಯೋ ಠಾಣೆಯಲ್ಲಿಯೋ ದೂರು ಕೊಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. "ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ಕೊಡು, ಕಮಿಷನ್ ಸಿಗುತ್ತದೆ" ಎಂಬ ಗೆಳೆಯರ ಮಾತಿಗೂ ಮರುಳಾಗಬಾರದು. ಕದ್ದ ಹಣ ಆ ಖಾತೆಯ ಮೂಲಕ ಹರಿದಾಗ ಪೊಲೀಸರು ಬರುವುದು ಖಾತೆದಾರನ ಮನೆಗೆ.

ಮನಸ್ಸು

ಊರಿನ ಶಾಲೆಗೆ ಮೊದಲಿಗನಾಗಿದ್ದವನು ನಗರದ ಕಾಲೇಜಿನಲ್ಲಿ ನಲವತ್ತನೆಯವನಾಗುತ್ತಾನೆ. ಇಂಗ್ಲಿಷಿನ ಪಾಠ ತಲೆಗೆ ಹತ್ತುವುದಿಲ್ಲ. ಮನೆಯಲ್ಲಿ ಸಾಲ ಮಾಡಿ ಕಳುಹಿಸಿದ್ದಾರೆಂಬುದು ನೆನಪಿದೆ. ಹೀಗಿರುವಾಗ ಫೋನಿನಲ್ಲಿ ಪ್ರತಿ ಭಾನುವಾರ "ಅಂಕ ಎಷ್ಟು ಬಂತು" ಎಂದೇ ಕೇಳುತ್ತಿದ್ದರೆ ಅವನು ಕ್ರಮೇಣ ಕರೆ ಎತ್ತುವುದನ್ನೇ ನಿಲ್ಲಿಸುತ್ತಾನೆ. ಊಟ ನಿದ್ರೆಗಳಲ್ಲಿ ಏರುಪೇರು, ತರಗತಿಗೆ ಗೈರುಹಾಜರಿ, ಹೊಸದಾಗಿ ಕುಡಿತ ಅಥವಾ ಮಾದಕ ವಸ್ತುವಿನ ಸಂಗ, ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, "ನಾನಿಲ್ಲದಿದ್ದರೆ ನಿಮಗೆ ಭಾರ ಕಡಿಮೆ" ಎಂಬ ಮಾತು ಇವುಗಳನ್ನು ಹಗುರವಾಗಿ ಕಾಣಬಾರದು.

ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬಾರದು. ನೀವು ಹೊರಟು ತಲಪುವವರೆಗೆ ಜೊತೆಯವರೊಬ್ಬರು ಪಕ್ಕದಲ್ಲಿರುವಂತೆ ಏರ್ಪಾಡು ಮಾಡಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಮೇಲುಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ. ಆತ್ಮಹತ್ಯೆಗೆ ಯತ್ನಿಸಿದವರನ್ನು ಪೊಲೀಸರು ಜೈಲಿಗೆ ಹಾಕುವರೆಂಬ ಭಯದಿಂದ ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂತಹವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಿ ಅವರಿಗೆ ಆರೈಕೆ ಒದಗಿಸಬೇಕೆಂದು ಹೇಳುತ್ತದೆ.

ಒಂದು ವರ್ಷ ಕಳೆದು ಮಗ "ಈ ಕೋರ್ಸು ನನಗೆ ಆಗುವುದಿಲ್ಲ" ಎಂದರೆ ಕೇಳಿಸಿಕೊಳ್ಳಿ. ಕಟ್ಟಿದ ಶುಲ್ಕ ಹೋದೀತು. ಹೋಗಲಿ.

ಇನ್ನು ಟ್ರಂಕಿನಲ್ಲಿ ಇಡಬೇಕಾದುವು: ನಾಲ್ಕು ಒ.ಆರ್.ಎಸ್. ಪೊಟ್ಟಣ, ಜ್ವರಮಾಪಕ, ಪ್ಯಾರಾಸಿಟಮಾಲ್ ಒಂದು ಪಟ್ಟಿ, ಸೊಳ್ಳೆಪರದೆ, ಟಾರ್ಚು. ರಕ್ತದ ಗುಂಪನ್ನೂ, 112, 108, 181, 1930, 14416 ಎಂಬ ಸಂಖ್ಯೆಗಳನ್ನೂ, ಆ ನಗರದಲ್ಲಿರುವ ಒಬ್ಬ ನಂಬಿಗಸ್ತ ಬಂಧುವಿನ ಅಥವಾ ಊರಿನವರ ವಿಳಾಸವನ್ನೂ ದಪ್ಪ ಕಾಗದದ ಮೇಲೆ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಫೋನಿನಲ್ಲಿದ್ದರೆ ಸಾಲದು; ಫೋನೇ ಕಳೆದುಹೋದ ದಿನ ಈ ಕಾಗದ ಬೇಕಾಗುತ್ತದೆ. ನಿಮ್ಮ ಬಳಿಯೂ ಒಂದು ಪ್ರತಿ ಇರಲಿ. ಅದರಲ್ಲಿ ನಿಲಯದ ಮೇಲ್ವಿಚಾರಕರ ಸಂಖ್ಯೆಯನ್ನೂ, ಕೋಣೆಯ ಸಂಗಾತಿಗಳಲ್ಲಿ ಒಬ್ಬರ ಸಂಖ್ಯೆಯನ್ನೂ, ಅವರ ಮನೆಯವರ ಸಂಖ್ಯೆಯನ್ನೂ ಬರೆದುಕೊಳ್ಳಿ.